ಪಾಠ ಇದೆ, ಪರದೆ ಬೇಕು: ಶರಾವತಿ ಹಿನ್ನೀರಿನ ಶಾಲೆಯಿಂದ ಒಂದು ಮನವಿ

ಆತ್ಮೀಯರೇ,

ಕಳೆದ ಜನವರಿಯಲ್ಲಿ ಹತ್ತನೇ ತರಗತಿಗೆ ವಿದ್ಯುತ್ ಪಾಠ ಮಾಡುತ್ತಿದ್ದೆ. ಬೋರ್ಡಿನ ಮೇಲೆ ಬ್ಯಾಟರಿ, ಬಲ್ಬು, ತಂತಿ ಎಲ್ಲ ಬರೆದಾಗಿತ್ತು. ಮಕ್ಕಳು ನೋಡಿ ಬರೆದುಕೊಂಡರು, ಅಷ್ಟೇ. ಆಮೇಲೆ ನನ್ನ ಮೊಬೈಲಿನಲ್ಲಿ 'ಫೆಟ್' ತೆಗೆದೆ, ಅಂದರೆ ಪರದೆಯ ಮೇಲೇ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದವರು 2002ರಲ್ಲಿ ಶುರು ಮಾಡಿದ್ದು, ಅವರ ವೆಬ್‌ಸೈಟಿನಲ್ಲಿ ಉಚಿತ. ಬೆರಳಲ್ಲಿ ಎಳೆದು ತಂತಿ ಜೋಡಿಸಿದರೆ ಬಲ್ಬು ಉರಿಯುತ್ತದೆ. ತಂತಿಯೊಳಗೆ ಎಲೆಕ್ಟ್ರಾನುಗಳು ನೀಲಿ ಗುಂಡುಗಳ ಹಾಗೆ ಹರಿಯುತ್ತವೆ. ಒಬ್ಬ ಹುಡುಗ ಬಲ್ಬು ಬಿಟ್ಟು ಬ್ಯಾಟರಿಯ ಎರಡೂ ತುದಿಗೆ ಒಂದೇ ತಂತಿ ಹಚ್ಚಿಬಿಟ್ಟ. ಗುಂಡುಗಳು ಓಡಿದವು, ಬ್ಯಾಟರಿಗೆ ಬೆಂಕಿ ಹತ್ತಿತು. ಮಕ್ಕಳೆಲ್ಲ 'ಹೋ' ಅಂದರು.

ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಮೇಡಂ, ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ಎರಡು ತಂತಿ ತಾಗಿ ಕಿಡಿ ಬಂತಲ್ಲ, ಅದೂ ಇದೇನಾ?"

ಅವಳಿಗೆ ಪರದೆ ಕಾಣುತ್ತಲೇ ಇರಲಿಲ್ಲ. ಮುಂದೆ ಕೂತವರು ಹೇಳಿದ್ದನ್ನು ಕೇಳಿಸಿಕೊಂಡು ಕೇಳಿದ ಪ್ರಶ್ನೆ ಅದು. ಇಪ್ಪತ್ಮೂರು ಮಕ್ಕಳು, ಅಂಗೈಯಗಲದ ಒಂದು ಪರದೆ. ಅವತ್ತಿನಿಂದ ಈ ಮನವಿ ಬರೆಯಬೇಕು ಅಂತ ಮನಸ್ಸಿನಲ್ಲಿತ್ತು.

ನಮ್ಮದು ಸಾಗರ ತಾಲ್ಲೂಕಿನ ಹಿನ್ನೀರಿನ ಪಕ್ಕದ ಸರ್ಕಾರಿ ಪ್ರೌಢಶಾಲೆ. ಮೂರು ತರಗತಿ ಸೇರಿ 61 ಮಕ್ಕಳು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಲಾಂಚಿಗೆ ಕಾಯುವುದು ತಪ್ಪಿತು. ಆದರೆ ಶಾಲೆಯ ಹತ್ತಿರ ಸಿಗ್ನಲ್ ಮಾತ್ರ ಇವತ್ತಿಗೂ ಸರಿಯಾಗಿ ಸಿಗುವುದಿಲ್ಲ. ಕೊರೊನಾ ವರ್ಷದಲ್ಲಿ ಇಲ್ಲಿನ ಮಕ್ಕಳು ಗುಡ್ಡ ಹತ್ತಿ, ಪ್ಲಾಸ್ಟಿಕ್ ಹೊದ್ದು ಪಾಠ ಕೇಳಿದ್ದರು. ಆ ಚಿತ್ರ ನನ್ನ ಕಣ್ಣಿಂದ ಹೋಗಿಲ್ಲ.

ಹಾಗಾಗಿ ನಾವು ಇಂಟರ್ನೆಟ್ ಕೇಳುತ್ತಿಲ್ಲ. ಇಂಟರ್ನೆಟ್ ಇಲ್ಲದೆಯೂ ನಡೆಯುವ ಪಾಠಗಳು ಬೇಕಾದಷ್ಟಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ದೀಕ್ಷಾ ಆ್ಯಪಿನ ಪಾಠಗಳು ಸಿಗುತ್ತವೆ, ಅವನ್ನು ಇಳಿಸಿಕೊಳ್ಳಬಹುದು. ಫೆಟ್ ಕೂಡ ಹಾಗೇ. ಗಣಿತದ ಮೇಷ್ಟ್ರಿಗೆ ಜಿಯೋಜೀಬ್ರಾ ಒಂದಿದ್ದರೆ ಸಾಕು, ತ್ರಿಭುಜದ ಮೂಲೆ ಎಳೆದ ಹಾಗೆಲ್ಲ ಕೋನ ಬದಲಾಗುವುದನ್ನು ತೋರಿಸುತ್ತಾರೆ. ವಾರಕ್ಕೊಮ್ಮೆ ಸಾಗರಕ್ಕೆ ಹೋದಾಗ ನಾನು ಇವನ್ನೆಲ್ಲ ತುಂಬಿಕೊಂಡು ಬರುತ್ತೇನೆ. ಪಾಠಕ್ಕೆ ದುಡ್ಡು ಬೇಡ. ಅದನ್ನು ಎಲ್ಲರಿಗೂ ಕಾಣಿಸುವ ಪರದೆ, ಕರೆಂಟು ಹೋದಾಗ ಅದನ್ನು ಎಚ್ಚರವಾಗಿಡುವ ಬ್ಯಾಟರಿ, ಇವೇ ಇಲ್ಲದ್ದು.

ವಾಟ್ಸ್ಆ್ಯಪ್ ವಿಷಯವನ್ನೂ ಹೇಳಬೇಕು. ನಮ್ಮ ಗ್ರೂಪಿನಲ್ಲಿ ಇರುವುದು ಪೋಷಕರು ಮಾತ್ರ, ಮಕ್ಕಳಿಲ್ಲ. ಸಿಗ್ನಲ್ ಸಿಕ್ಕಾಗ ನೋಡುತ್ತಾರೆ. ಮೊದಲು ಬರೆದು ಕಳಿಸುತ್ತಿದ್ದೆವು, ಯಾರೂ ಓದುತ್ತಿರಲಿಲ್ಲ. ಈಗ ಮಾತಾಡಿ ಕಳಿಸುತ್ತೇವೆ. ಓದು ಬಾರದ ಅಜ್ಜಿಗೂ ಮೊಮ್ಮಗನ ಹೋಂವರ್ಕ್ ಏನು ಅಂತ ಗೊತ್ತಾಗುತ್ತದೆ.

ಹೋದ ವರ್ಷ ಸಮಾಜ ವಿಜ್ಞಾನಕ್ಕೆ ಒಂದು ಕೆಲಸ ಕೊಟ್ಟೆವು. ಮನೆಯ ಹಿರಿಯರ ಹತ್ತಿರ ಮುಳುಗಡೆ ನೆನಪು ಕೇಳಿ, ಅಪ್ಪ ಅಮ್ಮನ ಫೋನಿನಲ್ಲಿ ರೆಕಾರ್ಡ್ ಮಾಡಿ ತನ್ನಿ ಅಂತ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಊರು ಬಿಟ್ಟವರ ಮನೆಗಳೇ ಇಲ್ಲಿ ಜಾಸ್ತಿ. ಒಬ್ಬ ಅಜ್ಜಿ ಹೇಳಿದ್ದು ಹೀಗೆ: "ಹೊರಡುವಾಗ ಅಪ್ಪಯ್ಯ ಬಾಗ್ಲು ಹಾಕ್ಲಿಲ್ಲ. ಹಾಕಿ ಏನ್ ಮಾಡೋದು ಅಂದ್ರು. ಅವ್ವ ಹೊಸ್ತಿಲಿಗೆ ರಂಗೋಲಿ ಹಾಕಿ ಬಂದ್ಲು." ಆ ದನಿ ಒಂದು ನಿಮಿಷಕ್ಕಿಂತ ಜಾಸ್ತಿ ಇಲ್ಲ. ಅಜ್ಜಿಯ ಒಪ್ಪಿಗೆ ಕೇಳಿ ಪೋಷಕರ ಗ್ರೂಪಿಗೆ ಹಾಕಿದೆವು. ಅಲ್ಲಿಂದ ಶಿವಮೊಗ್ಗ ಕಡೆ ಹೋಗಿ ನೆಲೆಸಿದ ನೆಂಟರಿಗೆ ಹೋಯಿತು. ಅವರೂ ತಮ್ಮ ತಮ್ಮ ನೆನಪು ಕಳಿಸತೊಡಗಿದರು. ಈಗ ನಮ್ಮ ಹತ್ತಿರ ಇಂಥ 34 ದನಿಗಳಿವೆ. ಬೇಸಿಗೆಯಲ್ಲಿ ನೀರಿಳಿದಾಗ ಮಡೆನೂರಿನ ಹಳೆ ಅಣೆಕಟ್ಟು ಕಾಣುತ್ತದಲ್ಲ, ಅದರ ಚಿತ್ರ ದೊಡ್ಡದಾಗಿ ತೋರಿಸುತ್ತಾ ಈ ದನಿಗಳನ್ನು ಕೇಳಿಸಿದರೆ, ಅದಕ್ಕಿಂತ ಒಳ್ಳೆಯ ಇತಿಹಾಸದ ಪಾಠ ನಮ್ಮ ಮಕ್ಕಳಿಗೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತದೆ.

ಶರಾವತಿಯ ಕರೆಂಟು ಎಲ್ಲೆಲ್ಲಿಗೋ ಹೋಗುತ್ತದೆ. ಇಲ್ಲಿ ಜೂನ್ ಬಂತು ಅಂದರೆ ಮರ ಬಿದ್ದು ಎರಡು ಮೂರು ದಿನ ಕತ್ತಲೆ. ಅದಕ್ಕೇ ಇನ್ವರ್ಟರ್ ಮತ್ತು ಬ್ಯಾಟರಿಯನ್ನು ಪಟ್ಟಿಯಲ್ಲಿ ಮೊದಲು ಇಟ್ಟಿದ್ದೇವೆ, 27,000 ರೂಪಾಯಿ. 55 ಇಂಚಿನ ಟಿವಿಗೆ 48,000. ಪ್ರೊಜೆಕ್ಟರ್ ಯಾಕೆ ಬೇಡ ಅಂತ ಕೆಲವರು ಕೇಳಿದರು. ನಮ್ಮ ಮಳೆಗಾಲದ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಅದನ್ನು ಸರಿ ಮಾಡಿಸಲು ಊರೂರು ಅಲೆಯಬೇಕು. ಎರಡು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ 36,000. ಸ್ಪೀಕರ್, ಹಾರ್ಡ್ ಡಿಸ್ಕ್, ಗೋಡೆಯ ಸ್ಟ್ಯಾಂಡ್ ಎಲ್ಲ ಸೇರಿ 12,000. ವೈರಿಂಗ್ ಮತ್ತು ಅರ್ಥಿಂಗ್‌ಗೆ 9,000.

ಕೊನೆಗೆ ರಿಪೇರಿಗೆ ಅಂತ 15,000 ಎತ್ತಿಡುತ್ತೇವೆ. ಇದನ್ನು ದಯವಿಟ್ಟು ಕಡಿಮೆ ಮಾಡಿ ಅನ್ನಬೇಡಿ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ದಾನವಾಗಿ ಬಂದ ಐದು ಕಂಪ್ಯೂಟರ್ ಒಂದು ಸಣ್ಣ ರಿಪೇರಿಗೆ ದುಡ್ಡಿಲ್ಲದೆ ಮೂಲೆ ಸೇರಿದವು. ಒಂದರೊಳಗೆ ಇಲಿ ಮರಿ ಹಾಕಿತ್ತು.

ಒಟ್ಟು 1,47,000 ರೂಪಾಯಿ. ಅಡಿಕೆ ಮಾರಿದ ಮೇಲೆ ಪೋಷಕರೇ 21,000 ಕೂಡಿಸಿದ್ದಾರೆ. ಕೂಲಿಗೆ ಹೋಗುವ ತಾಯಂದಿರೂ ನೂರು, ಇನ್ನೂರು ಕೊಟ್ಟಿದ್ದಾರೆ. ಉಳಿದ 1,26,000ಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ.

ದುಡ್ಡು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಜಂಟಿ ಖಾತೆಗೆ ಬರುತ್ತದೆ. ಪ್ರತಿ ಬಿಲ್ಲಿನ ಫೋಟೋ ದಾನಿಗಳಿಗೆ ಕಳಿಸುತ್ತೇವೆ. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೆಗೆದ ಫೋಟೋ ಕೇಳಬೇಡಿ. ಅವರ ಮುಖ, ಹೆಸರು ಫೇಸ್‌ಬುಕ್ಕಿಗಾಗಲಿ ಯೂಟ್ಯೂಬಿಗಾಗಲಿ ಹೋಗುವುದಿಲ್ಲ. ಬಡವರ ಮಕ್ಕಳು ಅಂತ ಅವರ ಮುಖ ಊರೆಲ್ಲ ಸುತ್ತಬಾರದು ಅಲ್ವಾ? ನೋಡಬೇಕು ಅನ್ನಿಸಿದರೆ ಯಾವ ದಿನವಾದರೂ ಬನ್ನಿ, ತರಗತಿಯಲ್ಲಿ ಕೂರಿ, ಮಕ್ಕಳ ಜೊತೆ ಬಿಸಿಯೂಟ ಮಾಡಿಕೊಂಡು ಹೋಗಿ.

ದುಡ್ಡು ಕೊಡಲು ಆಗದಿದ್ದರೂ ಮಾಡುವ ಕೆಲಸ ಇದೆ. ನಿಮ್ಮ ಹತ್ತಿರ ಸುಮ್ನೆ ಬಿದ್ದಿರುವ, ಆದರೆ ಸರಿಯಾಗಿ ಓಡುವ ಲ್ಯಾಪ್‌ಟಾಪ್ ಇದ್ದರೆ ಕೊಡಿ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ನಮ್ಮೂರ ಹುಡುಗ ಹುಡುಗಿಯರೇ, ಫೆಟ್‌ನಲ್ಲಿ ಇನ್ನೂ ಕನ್ನಡಕ್ಕೆ ಬಾರದ ಪ್ರಯೋಗಗಳನ್ನು ಅನುವಾದ ಮಾಡಲು ಫೆಟ್‌ನವರೇ ಅವಕಾಶ ಕೊಡುತ್ತಾರೆ. ಭಾನುವಾರ ಒಂದೆರಡು ಗಂಟೆ ಕೂತರೆ ಸಾಕು.

ಖಾತೆಯ ವಿವರ ಈ ಪತ್ರ ನಿಮಗೆ ತಲುಪಿಸಿದ ಹಳೆ ವಿದ್ಯಾರ್ಥಿಯ ಹತ್ತಿರ ಇದೆ. ಮೇ ಕೊನೆಯೊಳಗೆ ದುಡ್ಡು ಕೂಡಿದರೆ ಮುಂಗಾರಿಗೆ ಮೊದಲೇ ವೈರಿಂಗ್ ಮುಗಿಸಬಹುದು. ಮಳೆ ಹಿಡಿದ ಮೇಲೆ ಎಲೆಕ್ಟ್ರಿಷಿಯನ್ ಈ ಕಡೆ ಬರುವುದು ಕಷ್ಟ.

ಎಸ್‌ಡಿಎಂಸಿ ಮತ್ತು ಹಳೆ ವಿದ್ಯಾರ್ಥಿಗಳ ಪರವಾಗಿ,
ವಿಜ್ಞಾನ ಶಿಕ್ಷಕಿ