ಬ್ಯಾಟರಿ 14 ಡಿಗ್ರಿ

ನಮ್ಮ ಪುಟ್ಟ ಉಪಗ್ರಹ ಮೇಲೆ ಹೋಗಿ ಇವತ್ತಿಗೆ ಮೂರು ತಿಂಗಳಾಯಿತು. ಬೆಳಿಗ್ಗೆ ಬಂದ ಡೇಟಾದಲ್ಲಿ ಬ್ಯಾಟರಿಯ ತಾಪಮಾನ 14 ಡಿಗ್ರಿ ಇತ್ತು. ನಿನ್ನೆಯೂ ಅಷ್ಟೇ, ಮೊನ್ನೆಯೂ ಹೆಚ್ಚುಕಡಿಮೆ ಅಷ್ಟೇ. ಈ ಒಂದು ಅಂಕಿಗಾಗಿ ಎರಡು ವರ್ಷ ನೆಟ್ಟಗೆ ನಿದ್ದೆ ಮಾಡಿಲ್ಲ ನಾನು. ಮೂರು ತಿಂಗಳು ದಾಟುವ ತನಕ ಏನೂ ಬರೆಯಬಾರದು ಅಂತ ಅಂದುಕೊಂಡಿದ್ದೆ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಈಗ ಥ್ಯಾಂಕ್ಸ್ ಹೇಳದೆ ಇರಲು ಆಗುತ್ತಿಲ್ಲ.

ನಾನು ಥರ್ಮಲ್ ಎಂಜಿನಿಯರ್. ಉಪಗ್ರಹದ ಒಳಗಿರುವ ಸಾಮಾನು ತೀರಾ ತಣ್ಣಗಾಗದಂತೆ, ತೀರಾ ಕಾಯದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮದು ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ 95 ನಿಮಿಷ. ಅದರಲ್ಲಿ 35 ನಿಮಿಷ ಭೂಮಿಯ ನೆರಳಲ್ಲಿ. ಅಂದರೆ ನಮಗೆ ಒಂದು ದಿನ ಕಳೆಯುವಷ್ಟರಲ್ಲಿ ಅದಕ್ಕೆ 15 ಹಗಲು, 15 ರಾತ್ರಿ. ಲಿಥಿಯಂ ಬ್ಯಾಟರಿಗೆ ಈ ಆಟ ಆಗಿಬರುವುದಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿದಾಗ ಚಾರ್ಜ್ ಮಾಡಿದರೆ ಕೆಟ್ಟು ಕೂರುತ್ತದೆ.

ಮೊದಲ ನಮಸ್ಕಾರ ನಮ್ಮ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರಿಗೆ. ಅವರು ಈಗಿಲ್ಲ. ಅರಸೀಕೆರೆ ಕಡೆಯ ಹಳ್ಳಿ, ಕನ್ನಡ ಮೀಡಿಯಂ, ಲ್ಯಾಬ್ ಅಂತ ಇದ್ದಿದ್ದು ಒಂದು ಬೀರು. ಶಾಖ ಸಾಗುವ ಮೂರು ದಾರಿ ವಹನ, ಸಂವಹನ, ವಿಕಿರಣ ಅಂತ ನಾವು ಬಾಯಿಪಾಠ ಮಾಡುತ್ತಿದ್ದಾಗ ಅವರು ಕೇಳಿದರು: "ಚಳಿಗಾಲದಲ್ಲಿ ಹಂಡೆ ಒಲೆ ಮುಂದೆ ಕೂತ್ರೆ ಮುಖ ಸುಡುತ್ತೆ, ಬೆನ್ನು ನಡುಗುತ್ತೆ. ಯಾಕ್ರೋ?" ಯಾರಿಗೂ ಗೊತ್ತಿರಲಿಲ್ಲ. ಒಲೆಯ ಬಿಸಿ ವಿಕಿರಣವಾಗಿ ನೇರ ಮುಖಕ್ಕೆ ಬಡಿಯುತ್ತದೆ, ಬೆನ್ನಿಗೆ ಅದು ಕಾಣುವುದೇ ಇಲ್ಲ ಅಂತ ಅವರೇ ಹೇಳಿದರು. ಹದಿನೈದು ವರ್ಷ ಆದಮೇಲೆ ಕಂಪ್ಯೂಟರಿನಲ್ಲಿ ಉಪಗ್ರಹದ ಮಾಡೆಲ್ ಮಾಡಲು ಕೂತಾಗ ನೆನಪಾಗಿದ್ದು ಅದೇ ಒಲೆ. ಮೇಲೆ ಗಾಳಿ ಇಲ್ಲ, ಹಾಗಾಗಿ ಗಾಳಿ ಶಾಖ ಹೊತ್ತೊಯ್ಯುವ ಸಂವಹನ ಅನ್ನುವುದೇ ಇಲ್ಲ. ಮುಖಕ್ಕೆ ಸೂರ್ಯ, ಬೆನ್ನಿಗೆ ಕೊನೆಯಿಲ್ಲದ ಚಳಿ. ಇಷ್ಟೇ ನನ್ನ ಸಬ್ಜೆಕ್ಟು, ಮಿಕ್ಕಿದ್ದೆಲ್ಲ ಲೆಕ್ಕ.

ಆಮೇಲೆ ಹಾಸನದಲ್ಲಿ ಓದು. ಸಾಲಗಾಮೆ ರಸ್ತೆಯಲ್ಲಿ ಬಸ್ಸು ಹೋಗುವಾಗ ದೊಡ್ಡ ದೊಡ್ಡ ಬಿಳಿ ಡಿಶ್‌ಗಳು ಕಾಣುತ್ತಿದ್ದವು. ಟಿವಿಯವರದ್ದು ಅಂದುಕೊಂಡಿದ್ದೆ! ಅದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಇನ್ಸಾಟ್ ಉಪಗ್ರಹಗಳನ್ನು ಅಲ್ಲಿಂದ ನಡೆಸುತ್ತಾರೆ ಅಂತ ಗೊತ್ತಾಗಿದ್ದು ಎರಡನೇ ವರ್ಷ. ಗೊತ್ತಾದ ದಿನದಿಂದ ಕಿಟಕಿ ಪಕ್ಕದ ಸೀಟೇ ಬೇಕಿತ್ತು ನನಗೆ. ಇಸ್ರೋ ಪರೀಕ್ಷೆ ಎರಡು ಸಲ ಬರೆದೆ. ಎರಡು ಸಲವೂ ಆಗಲಿಲ್ಲ. ಅದನ್ನು ದೊಡ್ಡ ಕಥೆ ಮಾಡುವಂಥದ್ದೇನಿಲ್ಲ, ಲಕ್ಷಗಟ್ಟಲೆ ಜನ ಬರೆಯುತ್ತಾರೆ. ನಮ್ಮಮ್ಮ ಮಾತ್ರ ಇವತ್ತಿಗೂ ಊರಲ್ಲಿ "ಮಗ ಇಸ್ರೋದಲ್ಲವ್ನೆ" ಅಂತಲೇ ಹೇಳುವುದು. ತಿದ್ದಿ ತಿದ್ದಿ ಸಾಕಾಗಿ ಬಿಟ್ಟಿದ್ದೇನೆ.

ಕೆಲಸ ಸಿಕ್ಕಿದ್ದು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ. ಐದು ಮೆಷಿನ್, ಒಂಬತ್ತು ಜನ. ಉಪಗ್ರಹಗಳಿಗೆ ಬೇಕಾದ ಅಲ್ಯೂಮಿನಿಯಂ ಬ್ರಾಕೆಟ್ಟು, ಡಬ್ಬಿ ಅಂಥವು ಆರ್ಡರ್ ಬರುತ್ತಿದ್ದವು. ಓನರ್ ಸರ್ ಓದಿದ್ದು ಐಟಿಐ. ಮೊದಲ ವಾರ ನನಗೆ ಕೊಟ್ಟ ಕೆಲಸ ಬರ್ ತೆಗೆಯುವುದು, ಅಂದರೆ ಕತ್ತರಿಸಿದ ಲೋಹದ ಅಂಚಲ್ಲಿ ಉಳಿಯುವ ಚೂಪು ಚೂರುಗಳನ್ನು ಉಜ್ಜುವುದು, ಅಷ್ಟೇ. ಬಿಇ ಮಾಡಿ ಫೈಲು ಉಜ್ಜುತ್ತಿದ್ದೇನಲ್ಲ ಅಂತ ಒಳಗೊಳಗೇ ಉರಿಯುತ್ತಿತ್ತು. ಎರಡನೇ ವಾರ ಅವರು ಸರ್ಫೇಸ್ ಪ್ಲೇಟಿಗೆ, ಅಂದರೆ ತೀರಾ ಸಮತಟ್ಟಾದ ಹಲಗೆಗೆ, ನೀಲಿ ಬಣ್ಣ ಹಚ್ಚಿ, ನಾನು "ಫ್ಲಾಟ್ ಇದೆ" ಅಂದಿದ್ದ ತುಂಡನ್ನು ಅದರ ಮೇಲೆ ಉಜ್ಜಿ, ತಿರುಗಿಸಿ ತೋರಿಸಿದರು. ನೀಲಿ ಹತ್ತಿದ್ದು ಅಲ್ಲೊಂದು ಚುಕ್ಕೆ, ಇಲ್ಲೊಂದು ಚುಕ್ಕೆ. "ಈ ಚುಕ್ಕೆಗಳಷ್ಟೇ ತಾಗ್ತಿರೋದು. ಮಿಕ್ಕಿದ್ದು ಬರೀ ಗಾಳಿ. ಮೇಲೆ ಗಾಳೀನೂ ಇರಲ್ಲ, ಅಲ್ವಾ?"

ಎರಡು ಲೋಹ ಒತ್ತಿಕೊಂಡಲ್ಲಿ ಶಾಖ ಎಷ್ಟು ದಾಟುತ್ತದೆ ಅನ್ನುವುದರ ಮೇಲೆ ದಪ್ಪ ದಪ್ಪ ಪುಸ್ತಕಗಳಿವೆ. ಆಮೇಲೆ ಎಂಟೆಕ್ ಮಾಡುವಾಗ ಅವನ್ನೂ ಓದಿದೆ. ಆದರೆ ನನಗೆ ಅರ್ಥವಾಗಿದ್ದು ಆ ನೀಲಿ ಚುಕ್ಕೆಗಳಲ್ಲಿ. ಸರ್, ನಿಮಗೆ ಇದನ್ನು ಎದುರಿಗೆ ಯಾವತ್ತೂ ಹೇಳಿಲ್ಲ. ಹೇಳಿದರೆ "ಹೋಗ್ ಹೋಗಯ್ಯ" ಅಂತೀರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ದೇಶದ ಮೊದಲ ಉಪಗ್ರಹ ಆರ್ಯಭಟ, 1975ರಲ್ಲಿ ಹಾರಿದ್ದು, ತಯಾರಾಗಿದ್ದೂ ಪೀಣ್ಯದ ಶೆಡ್ಡುಗಳಲ್ಲೇ. ಅದನ್ನು ಗಿರಾಕಿಗಳಿಗೆಲ್ಲ "ನಮ್ಮ ಏರಿಯಾದ ಮಾಲು" ಅಂತ ಹೇಳುವುದು ಓನರ್ ಸರ್ ಅವರ ಚಾಳಿ.

2020ರಲ್ಲಿ ಸರ್ಕಾರ ಬಾಹ್ಯಾಕಾಶದ ಕೆಲಸವನ್ನು ಖಾಸಗಿಯವರಿಗೂ ತೆರೆಯಿತು. ಮಾರನೇ ವರ್ಷ ಬೆಂಗಳೂರಿನ ಒಂದು ಸಣ್ಣ ಕಂಪನಿಗೆ ಸೇರಿದೆ. ಹೆಸರು ಬೇಡ. ಯಾಕೆಂದರೆ ಈಗ ಹೇಳಲಿರುವುದು ಮೊದಲ ಉಪಗ್ರಹದ ವಿಷಯ.

ಅದು ಒಂಬತ್ತು ದಿನ ಮಾತಾಡಿತು. ಹತ್ತನೇ ದಿನದಿಂದ ಇಲ್ಲ.

ತಪ್ಪು ನನ್ನದು. ಬ್ಯಾಟರಿಯನ್ನು ಪ್ಯಾನೆಲ್ಲಿಗೆ ಕೂರಿಸುವಾಗ ನಡುವೆ ಅಲ್ಯೂಮಿನಿಯಂ ಸ್ಪೇಸರ್, ಅಂದರೆ ಅಂತರ ಬಿಡುವ ತುಂಡುಗಳನ್ನು ಇಟ್ಟಿದ್ದೆವು. ಆ ಪ್ಯಾನೆಲ್ ಮುಖ ಮಾಡಿದ್ದು ಚಳಿಯ ಕಡೆಗೆ. ಬ್ಯಾಟರಿಯ ಬಿಸಿಯೆಲ್ಲ ಆ ನಾಲ್ಕು ಸ್ಪೇಸರ್‌ಗಳಲ್ಲಿ ಸೋರಿಹೋಯಿತು. ಅದನ್ನು ಬೆಚ್ಚಗಿಡಲು ಹೀಟರ್ ಬಿಡುವಿಲ್ಲದೆ ಉರಿಯಿತು. ಹೀಟರಿಗೆ ಕರೆಂಟು ಅದೇ ಬ್ಯಾಟರಿಯಿಂದ. ಸ್ವಲ್ಪ ಸ್ವಲ್ಪವೇ ಬರಿದಾಗುತ್ತಾ ಬಂತು. ನಿರ್ವಾತದ ಚೇಂಬರಿನಲ್ಲಿ ಚಳಿಯ ಪರೀಕ್ಷೆಯನ್ನು ಪೂರ್ತಿ ದಿನ ಓಡಿಸಿದ್ದರೆ ಸಿಕ್ಕಿಬೀಳುತ್ತಿತ್ತು. ಉಡಾವಣೆಯ ಡೇಟ್ ಹತ್ತಿರ ಬಂದಿತ್ತು, ಮೊಟಕು ಮಾಡಿದೆವು. ಆ ಕಾಗದದ ಮೇಲಿದ್ದದ್ದು ನನ್ನ ಸಹಿ.

ಅದಾಗಿ ಕೆಲವೇ ವಾರಕ್ಕೆ 2023ರ ಆಗಸ್ಟ್ 23 ಬಂತು. ಸಂಜೆ 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಚಂದ್ರನ ಮೇಲೆ ಇಳಿಯಿತು. ಆಫೀಸಿನಲ್ಲಿ ಟಿವಿ ಮುಂದೆ ಎಲ್ಲರೂ ಕುಣಿಯುತ್ತಿದ್ದರು. ನಾನೂ ಚಪ್ಪಾಳೆ ಹೊಡೆದೆ, ಖುಷಿಯೂ ಆಯಿತು, ಸುಳ್ಳಲ್ಲ. ಆಮೇಲೆ ಪಾರ್ಕಿಂಗಿಗೆ ಹೋಗಿ ಬೈಕಿನ ಮೇಲೆ ಸುಮ್ನೆ ಕೂತುಬಿಟ್ಟೆ. ಇದೆಲ್ಲ ಬಿಟ್ಟು ಊರಿಗೆ ಹೋಗಿ ತೆಂಗು ನೋಡಿಕೊಳ್ಳೋಣ ಅಂತ ಗಟ್ಟಿಯಾಗಿ ಅನ್ನಿಸಿದ್ದು ಅವತ್ತೇ.

ಹೋಗದಂತೆ ತಡೆದವರು ನಮ್ಮಲ್ಲಿ ಸಲಹೆಗಾರರಾಗಿದ್ದ ಒಬ್ಬ ಹಿರಿಯರು. ಉಪಗ್ರಹ ಕಟ್ಟುವುದರಲ್ಲೇ ಮೂವತ್ತೈದು ವರ್ಷ ಕಳೆದು ನಿವೃತ್ತರಾದವರು. ಅವರು ಸಮಾಧಾನ ಮಾಡಲಿಲ್ಲ. "ಆರ್ಯಭಟ ಹಾರಿದ ಕೆಲವೇ ದಿನಕ್ಕೆ ಅದರ ಕರೆಂಟಿನ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳೆಲ್ಲ ನಿಂತವು. ಗೊತ್ತಾ?" ಅಂದರು. ಗೊತ್ತು ಅಂದೆ. "ನಾಲ್ಕು ವರ್ಷಕ್ಕೆ ಭಾಸ್ಕರ ಹೋಯ್ತು. ನಡುವೆ ಅವರೇನು ಮಾಡ್ತಿದ್ರು ಅಂದ್ಕೊಂಡೆ? ನಿನ್ನ ಹಾಗೆ ಬೈಕ್ ಮೇಲೆ ಕೂತಿದ್ರಾ? ಡ್ರಾಯಿಂಗ್ ತಗೊಂಡ್ ಬಾ." (ಬೈಕಿನ ವಿಷಯ ಅವರಿಗೆ ಹೇಗೆ ಗೊತ್ತಾಯಿತೋ!)

ಅಲ್ಲಿಂದ ಎರಡು ವರ್ಷ ಅವರ ಪ್ರಶ್ನೆಗಳೇ ನನ್ನ ಪಾಠ. ಹೊಸ ಮಾಡೆಲ್ ತೋರಿಸಿದಾಗ ಮೊದಲು ಕೇಳಿದ್ದು: "ನಿನ್ನ ಹಾಟ್ ಕೇಸ್ ಯಾವ ತಿಂಗಳದ್ದು?" ಹಾಟ್ ಕೇಸ್ ಅಂದರೆ ಉಪಗ್ರಹ ಅತಿ ಹೆಚ್ಚು ಕಾಯುವ ಸಂದರ್ಭದ ಲೆಕ್ಕ. ಅದಕ್ಕೆ ನಾನು ಬಿಸಿಲಿನ ವರ್ಷದ ಸರಾಸರಿ ಹಾಕಿದ್ದೆ, ಚದರ ಮೀಟರಿಗೆ 1361 ವ್ಯಾಟ್. ಜನವರಿ ಮೊದಲ ವಾರ ಭೂಮಿ ಸೂರ್ಯನಿಗೆ ಅತಿ ಹತ್ತಿರ, ಜುಲೈ ಮೊದಲ ವಾರ ಅತಿ ದೂರ. ಎರಡರ ನಡುವೆ ಬಿಸಿಲಿನಲ್ಲಿ ಶೇಕಡಾ 7ರಷ್ಟು ವ್ಯತ್ಯಾಸ. ನಮಗೆ ಕೆಳಗೆ ಜನವರಿಯಲ್ಲಿ ಚಳಿ, ಉಪಗ್ರಹಕ್ಕೆ ಅದೇ ಬೇಸಿಗೆ. ಸರ್, ನೀವು ಬೈದಿದ್ದೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಹೊಸಬರಿಗೆ ಈಗ ಅದನ್ನೇ ಓದಲು ಕೊಡುವುದು.

ಈ ಸಲ ಅಲ್ಯೂಮಿನಿಯಂ ಬೇಡ, ಗ್ಲಾಸ್ ಫೈಬರ್ ಸ್ಪೇಸರ್ ಅಂತ ನಿರ್ಧಾರವಾಯಿತು. ಅದರಲ್ಲಿ ಶಾಖ ಬೇಗ ದಾಟುವುದಿಲ್ಲ. ಯಾರು ಮಾಡಿಕೊಡುತ್ತಾರೆ? ಸಣ್ಣ ಆರ್ಡರ್, ಮೇಲಾಗಿ ಆ ಧೂಳು ಮೈಗೆ ಹತ್ತಿದರೆ ಎರಡು ದಿನ ಕೆರೆತ. ಹಳೆಯ ಶೆಡ್ಡಿಗೇ ಹೋದೆ. ಓನರ್ ಸರ್ ಒಂದು ರಾತ್ರಿ ತಾವೇ ನಿಂತು 24 ತುಂಡು ಮಾಡಿಕೊಟ್ಟರು. ಬಿಲ್ಲೂ ಕೊಟ್ಟರು, ಅದೂ ಪೂರ್ತಿ ರೇಟಿನಲ್ಲಿ. ನನಗೆ ಅದೇ ಇಷ್ಟವಾಯಿತು.

ಚೇಂಬರ್ ಪರೀಕ್ಷೆ ಈ ಸಲ ಒಂದು ದಿನವೂ ಮೊಟಕಾಗಲಿಲ್ಲ. ಮೂರು ಶಿಫ್ಟು. ಚೇಂಬರಿನ ಗೋಡೆಗಳನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಿಂದ ತಣ್ಣಗಿಡಬೇಕು, ಹಾಗಾಗಿ ಟ್ಯಾಂಕರ್ ಬರುವುದು ತಡವಾದರೆ ಎದೆ ಢವಢವ. ಒಂದು ರಾತ್ರಿ ಮೂರು ಗಂಟೆಗೆ ಟ್ರೈನಿ ಹುಡುಗಿ ಎಬ್ಬಿಸಿ, "ಸರ್, ಈ ಸೆನ್ಸರ್ ಸುಳ್ಳು ಹೇಳ್ತಿದೆ ಅನ್ಸುತ್ತೆ" ಅಂದಳು. ಪಕ್ಕದ ಎರಡೂ ಇಳಿಯುತ್ತಿದ್ದರೆ ಅದೊಂದು ಇಳಿಯುತ್ತಿರಲಿಲ್ಲ. ತೆಗೆದು ನೋಡಿದರೆ ಅಂಟು ಬಿಟ್ಟಿತ್ತು. ಅದನ್ನು ನಂಬಿದ್ದರೆ ಮತ್ತೆ ಅದೇ ಕಥೆ. ಪುಟ್ಟಿ, ಅವತ್ತು ನಿದ್ದೆಗಣ್ಣಲ್ಲಿ ಸಿಡುಕಿದೆ ನಿನ್ನ ಮೇಲೆ. ಸಾರಿ. ನಾಲ್ಕು ಗಂಟೆಗೆ ಟೀ ತಂದುಕೊಡುತ್ತಿದ್ದ ಸೆಕ್ಯೂರಿಟಿ ಅಣ್ಣಂದಿರಿಗೂ ನಮಸ್ಕಾರ.

ಇನ್ನು ಅಕ್ಕ. ಗದಗದ ಕಡೆಯವರು. ಹನ್ನೊಂದು ವರ್ಷ ಗಾರ್ಮೆಂಟ್ಸ್‌ನಲ್ಲಿ ಶರ್ಟಿನ ಕಾಲರ್ ಹೊಲಿದವರು. ಈಗ ನಮ್ಮ ಕ್ಲೀನ್ ರೂಮಿನಲ್ಲಿ ಉಪಗ್ರಹದ ಹೊದಿಕೆ ಹೊಲಿಯುತ್ತಾರೆ. ಫೋಟೋದಲ್ಲಿ ಚಿನ್ನದ ಹಾಳೆ ಸುತ್ತಿದಂತೆ ಕಾಣುತ್ತದಲ್ಲ, ಅದೇ. ಚಿನ್ನವಲ್ಲ ಅದು. ಅಲ್ಯೂಮಿನಿಯಂ ಲೇಪಿಸಿದ ತೆಳು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಬಲೆಯಂಥ ಬಟ್ಟೆ ಹಾಕಿ ಹೊಲಿಯುತ್ತಾರೆ. ಹಾಳೆ ಹಾಳೆಗೆ ಎಷ್ಟು ಕಡಿಮೆ ತಾಗಿದರೆ ಅಷ್ಟು ಒಳ್ಳೆಯದು. ನನ್ನ ಡ್ರಾಯಿಂಗಿನಲ್ಲಿ ಹೊಲಿಗೆ ಒತ್ತೊತ್ತಾಗಿತ್ತು, ಬಿಚ್ಚಿಕೊಳ್ಳಬಾರದು ಅಂತ. ಅಕ್ಕ ನೋಡಿ, "ದಾರ ಬಿಗಿ ಎಳದ್ರ ಕೌದಿ ಬೆಚ್ಚಗ ಇರಂಗಿಲ್ರೀ ಸರ" ಅಂದರು. ನಿಜ. ಹೊಲಿಗೆ ಬಿದ್ದಲ್ಲೆಲ್ಲ ಪದರಗಳು ಒತ್ತಿಕೊಂಡು ಶಾಖ ಅಲ್ಲೇ ದಾಟುತ್ತದೆ. ಅವ್ವನ ಹತ್ತಿರ ಕೌದಿ ಹೊಲಿಯಲು ಕಲಿತವರಿಗೆ ಅದನ್ನು ಬೇರೆ ಯಾರೂ ಹೇಳಬೇಕಾಗಿರಲಿಲ್ಲ. ಡ್ರಾಯಿಂಗ್ ತಿದ್ದಿದೆ. ತಿದ್ದಿದ್ದು ಯಾರ ಮಾತಿನಿಂದ ಅಂತ ರಿವ್ಯೂನಲ್ಲೂ ಹೇಳಿದೆ.

"ಏರೋಸ್ಪೇಸ್ ಓದಿದ್ರೆ ಮಾತ್ರ ಈ ಲೈನಿಗೆ ಬರಬಹುದಾ ಸರ್?" ಅಂತ ಹುಡುಗರು ಕೇಳುತ್ತಿರುತ್ತಾರೆ. ನಮ್ಮ ಟೀಮಿನಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್, ಬರೀ ಬಿಎಸ್ಸಿ ಮಾಡಿದವರು, ಕೌದಿ ಹೊಲಿದವರು ಎಲ್ಲ ಇದ್ದಾರೆ. ಏರೋಸ್ಪೇಸ್ ಓದಿದವರೂ ಇಬ್ಬರಿದ್ದಾರೆ.

ಮನೆಯವಳಿಗೆ ಇಲ್ಲಿ ಬರೆದರೆ ಬೈಯುತ್ತಾಳೆ, ಎದುರಿಗೇ ಹೇಳುತ್ತೇನೆ. ಅಮ್ಮ ದಿನಾ ಫೋನಿನಲ್ಲಿ ಕೇಳುವುದು ಒಂದೇ: "ನಿನ್ ಡಬ್ಬಿ ಮ್ಯಾಲೈತಾ?" ಐತಮ್ಮ.

ಮೊದಲ ತಿಂಗಳ ಡೇಟಾವನ್ನು ಹಿರಿಯರಿಗೆ ಕಳಿಸಿದ್ದೆ. ನನ್ನ ಲೆಕ್ಕದಲ್ಲಿ ಬ್ಯಾಟರಿ 12 ಡಿಗ್ರಿ ಇರಬೇಕಿತ್ತು, ಬಂದಿದ್ದು 14. ಶಹಭಾಸ್ ಅನ್ನಬಹುದು ಅಂತ ಕಾದರೆ, "ಆ ಎರಡು ಡಿಗ್ರಿ ಎಲ್ಲಿಂದ ಬಂತು? ಹುಡುಕು" ಅಂತ ಒಂದು ಸಾಲಿನ ಮೆಸೇಜು. ಎರಡು ತಿಂಗಳಿಂದ ಹುಡುಕುತ್ತಿದ್ದೇನೆ. ಸ್ಪೇಸರ್ ಇರಬಹುದು, ಪೇಂಟ್ ಇರಬಹುದು. ಮೊನ್ನೆ ಊಟದ ಹೊತ್ತಲ್ಲಿ ಅಕ್ಕನಿಗೆ ವಿಷಯ ಹೇಳಿದೆ. ಅವರು ಡಬ್ಬಿಯಿಂದ ತಲೆ ಎತ್ತಲೂ ಇಲ್ಲ.

"ಅದು ನಂದ್ರೀ ಸರ" ಅಂದರು.