ವಾಸಿಯಾದ ಕಾಲಿನ ಹುಣ್ಣನ್ನೂ ಮರೆಯಬಾರದು

ಮಾನ್ಯರೇ,

ಮಧುಮೇಹ ಶಿಬಿರಗಳಲ್ಲಿ ಬೆರಳಿಗೆ ಸೂಜಿ ಚುಚ್ಚಿ ಸಕ್ಕರೆ ನೋಡುತ್ತಾರೆ, ಬಿ.ಪಿ. ನೋಡುತ್ತಾರೆ, ಮಾತ್ರೆ ಬರೆದು ಕಳಿಸುತ್ತಾರೆ. ಚಪ್ಪಲಿ ಬಿಚ್ಚಿಸಿ ಅಂಗಾಲು ನೋಡುವುದು ಅಪರೂಪ. ವರ್ಷಕ್ಕೆ ನೂರು ಮಧುಮೇಹಿಗಳಲ್ಲಿ ಸುಮಾರು ಇಬ್ಬರಿಗೆ ಕಾಲಿನ ಹುಣ್ಣಾಗುತ್ತದೆ ಎಂದಾಗ ಅದು ಸಣ್ಣ ಸಂಖ್ಯೆಯೆಂದೇ ತೋರುತ್ತದೆ. ಆದರೆ ಸಕ್ಕರೆ ಕಾಯಿಲೆ ನಲವತ್ತರಲ್ಲಿ ಬಂದರೆ ಮೂವತ್ತು ವರ್ಷ ಜೊತೆಗಿರುತ್ತದೆ. ಜೀವಮಾನದ ಲೆಕ್ಕ ಹಿಡಿದರೆ ಶೇ 19ರಿಂದ 34ರಷ್ಟು ಮಧುಮೇಹಿಗಳಿಗೆ ಒಮ್ಮೆಯಾದರೂ ಹುಣ್ಣಾಗುತ್ತದೆ ಎಂಬುದು 2017ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪರಾಮರ್ಶೆಯ ಅಂದಾಜು. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ಅಧ್ಯಯನ 2023ರಲ್ಲಿ ಹೇಳಿದೆ. ಗುಣಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ.

ಇದಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಹುಣ್ಣು ಮರುಕಳಿಸುವ ಪ್ರಮಾಣ. ವಾಸಿಯಾದವರಲ್ಲಿ ಶೇ 40ರಷ್ಟು ಮಂದಿಗೆ ಒಂದೇ ವರ್ಷದಲ್ಲಿ, ಐದು ವರ್ಷದೊಳಗೆ ಸುಮಾರು ಶೇ 65ರಷ್ಟು ಮಂದಿಗೆ ಮತ್ತೆ ಹುಣ್ಣಾಗುತ್ತದೆ. ಚರ್ಮ ಮುಚ್ಚಿಕೊಂಡರೂ ಸಕ್ಕರೆ ಕಾಯಿಲೆಯಿಂದ ಸತ್ತ ನರಕ್ಕೆ ಜೀವ ಬಂದಿರುವುದಿಲ್ಲ, ಬಾಗಿದ ಬೆರಳು ನೆಟ್ಟಗಾಗಿರುವುದಿಲ್ಲ, ಹೆಜ್ಜೆಯ ಭಾರ ಅದೇ ಜಾಗಕ್ಕೆ ಬೀಳುತ್ತಿರುತ್ತದೆ. ಅಲ್ಲಿ ಮೊದಲು ಆಣಿ ಕಟ್ಟುತ್ತದೆ, ಆಣಿಯ ಅಡಿಯಲ್ಲಿ ರಕ್ತ ಕಟ್ಟುತ್ತದೆ, ನೋವಿಲ್ಲದ ಕಾರಣ ಮನುಷ್ಯ ನಡೆಯುತ್ತಲೇ ಇರುತ್ತಾನೆ. ಕೀವಿನ ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಮಧುಮೇಹದಿಂದ ಕಾಲು ಕತ್ತರಿಸಬೇಕಾದ ಬಹುಪಾಲು ಪ್ರಕರಣಗಳ ಹಿಂದೆ ಇಂಥ ಒಂದು ಹುಣ್ಣಿರುತ್ತದೆ.

ಸ್ಪರ್ಶಜ್ಞಾನ ಉಳಿದಿದೆಯೇ ಎಂದು ನೋಡಲು ದುಬಾರಿ ಯಂತ್ರ ಬೇಕಿಲ್ಲ. ಇಪ್ಸ್‌ವಿಚ್ ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ರೋಗಿ ಕಣ್ಣು ಮುಚ್ಚಿ ಮಲಗಲಿ. ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ನಿಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಿ. ಗೊತ್ತಾದ ಕೂಡಲೇ ಅವರು ‘ಎಡ’ ಅಥವಾ ‘ಬಲ’ ಎನ್ನಬೇಕು. ಒತ್ತಬಾರದು, ತಟ್ಟಬಾರದು, ಗೊತ್ತಾಗಲಿಲ್ಲವೆಂದು ಅದೇ ಬೆರಳನ್ನು ಎರಡನೇ ಸಲ ಮುಟ್ಟಬಾರದು. ಒತ್ತಿದರೆ ಆಳದ ನರಗಳಿಗೆ ತಿಳಿದು ಫಲಿತಾಂಶ ಕೆಡುತ್ತದೆ. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಆ ಕಾಲು ಅಪಾಯದಲ್ಲಿದೆ ಎಂದೇ ಲೆಕ್ಕ, ವೈದ್ಯರಿಗೆ ತೋರಿಸಬೇಕು.

ನಮ್ಮ ಕೋಲಾರ ಜಿಲ್ಲೆಯಲ್ಲಿ ಕಾಲಿಗೆ ಗಾಯವಾಗಲು ನೂರು ದಾರಿ. ಟೊಮೆಟೊ ತೋಟದಲ್ಲಿ ಕಡ್ಡಿಯ ಮೊನೆ, ತಂತಿಯ ಚೂರು. ಕೆರೆಯಂಗಳದಲ್ಲಿ ಜಾಲಿ ಮುಳ್ಳು. ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸು. ಬೆಳಿಗ್ಗೆ ಸಂಜೆ ಕೊಟ್ಟಿಗೆ ತೊಳೆಯುವ ಹೆಣ್ಣುಮಕ್ಕಳ ಬೆರಳ ಸಂದು ಒದ್ದೆಯಾಗಿಯೇ ಉಳಿದು ಬಿರುಕು ಬಿಡುತ್ತದೆ. ಜೋಮು ಹಿಡಿದಿದೆಯೆಂದು ಕಾಲನ್ನು ಬಿಸಿನೀರಿನಲ್ಲಿ ಇಡುವುದು, ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಅಂಗಡಿಯಲ್ಲಿ ಸಿಗುವ ಆಸಿಡ್ ಇರುವ ಆಣಿಪಟ್ಟಿ ಹಚ್ಚುವುದು ಇವೆಲ್ಲ ಹುಣ್ಣನ್ನು ಕರೆದು ತರುತ್ತವೆ. ಸವೆದ ಹವಾಯಿ ಚಪ್ಪಲಿಯನ್ನು ಮುಳ್ಳು ಸುಲಭವಾಗಿ ದಾಟುತ್ತದೆ. ಚಪ್ಪಲಿ ಜಾರಿಹೋದರೂ ಮರಗಟ್ಟಿದ ಕಾಲಿಗೆ ತಿಳಿಯುವುದಿಲ್ಲ. ಒಳಗೆ ಮೆತ್ತನೆಯ ಎಂಸಿಆರ್ (ಸೂಕ್ಷ್ಮ ರಂಧ್ರಗಳ ರಬ್ಬರ್), ಹೊರಗೆ ಗಟ್ಟಿ ಅಟ್ಟೆ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಬೇಕು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿಕೊಂಡಿರುವಾಗ ಅಳತೆ ನೋಡಿ ಕೊಳ್ಳಿ. ಹಾಕಿಕೊಳ್ಳುವ ಮುನ್ನ ಒಳಗೆ ಕೈಯಾಡಿಸಿ.

ಹುಣ್ಣಾದವರಿಗೆ ದಿನವೂ ಡ್ರೆಸ್ಸಿಂಗ್ ಮಾಡಿ, ಅದೇ ಕಾಲೂರಿ ಬಸ್ ಹತ್ತಲು ಬಿಟ್ಟರೆ ಯಾವ ಮುಲಾಮೂ ಕೆಲಸ ಮಾಡದು. ಭಾರ ಇಳಿಸುವುದೇ ಅಂಗಾಲ ಹುಣ್ಣಿನ ಮುಖ್ಯ ಚಿಕಿತ್ಸೆ. ರಕ್ತ ಸಂಚಾರ ಸರಿಯಿದ್ದು ಸೋಂಕಿಲ್ಲದಿದ್ದರೆ ಮೊಣಕಾಲವರೆಗಿನ, ರೋಗಿ ತಾನೇ ಬಿಚ್ಚಲಾಗದ ಪ್ಲಾಸ್ಟರ್ ಪಟ್ಟು ಹಾಕುತ್ತಾರೆ. ಸೋಂಕಿಲ್ಲದ ಹುಣ್ಣಿಗೆ ಆ್ಯಂಟಿಬಯಾಟಿಕ್ ಅಗತ್ಯವಿಲ್ಲ. ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕೆ ಇಳಿಯದಿದ್ದರೆ ರಕ್ತ ಸಂಚಾರ, ಮೂಳೆಯ ಸೋಂಕು ಎರಡನ್ನೂ ಮತ್ತೆ ನೋಡಲೇಬೇಕು.

ಸ್ಪರ್ಶ, ರಕ್ತ ಸಂಚಾರ ಚೆನ್ನಾಗಿರುವವರಿಗೆ ವರ್ಷಕ್ಕೊಮ್ಮೆ ಪಾದ ಪರೀಕ್ಷೆ ಸಾಕು. ಒಮ್ಮೆ ಹುಣ್ಣಾಗಿ, ಸ್ಪರ್ಶವನ್ನೂ ಕಳೆದುಕೊಂಡವರಿಗೆ ಒಂದರಿಂದ ಮೂರು ತಿಂಗಳಿಗೊಮ್ಮೆ ಆಗಬೇಕು. ಈಗ ಗಾಯ ಮುಚ್ಚಿದ ದಿನವೇ ಅವರ ಹೆಸರು ಡ್ರೆಸ್ಸಿಂಗ್ ಪುಸ್ತಕದಿಂದ ಮರೆಯಾಗುತ್ತದೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಎನ್‌ಸಿಡಿ (ಅಸಾಂಕ್ರಾಮಿಕ ರೋಗಗಳ) ಕ್ಲಿನಿಕ್‌ಗಳು ಹುಣ್ಣು ವಾಸಿಯಾದವರ ಪ್ರತ್ಯೇಕ ಪಟ್ಟಿ ಇಡಲಿ. ಮುಂದಿನ ತಪಾಸಣೆಯ ದಿನಾಂಕವನ್ನು ಅವರ ಚೀಟಿಯಲ್ಲೇ ಬರೆದುಕೊಡಲಿ. ಬಾರದವರ ಮನೆಗೆ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಕಳಿಸಲಿ. ಮಾತ್ರೆಯ ಜೊತೆಗೆ ಎಂಸಿಆರ್ ಚಪ್ಪಲಿಯನ್ನೂ ಇಂಥವರಿಗೆ ಉಚಿತವಾಗಿ ಕೊಡುವ ಏರ್ಪಾಡನ್ನು ಆರೋಗ್ಯ ಇಲಾಖೆ ಮಾಡಬೇಕೆಂದು ವಿನಂತಿ.

– ಮಧುಮೇಹ ಪಾದ ಆರೈಕೆ ಸಿಬ್ಬಂದಿ, ಕೋಲಾರ