ಆರು ಹುಕ್ಕು, ಒಂದೂವರೆ ಗಂಟೆ

ಮೊನ್ನೆ ಒಂದು ರವಿಕೆಗೆ ಆರು ಹುಕ್ಕು ಹಾಕಿದೆ. ಒಂದೂವರೆ ಗಂಟೆ ಹಿಡಿಯಿತು. ಮೊದಲಾಗಿದ್ದರೆ ಅಷ್ಟರಲ್ಲಿ ಇಡೀ ರವಿಕೆಯೇ ಮುಗಿದಿರುತ್ತಿತ್ತು. ಆದರೂ ಹಾಸನದ ನನ್ನ ಗಿರಾಕಿಗಳಿಗೆಲ್ಲ ಹೇಳಿಕೊಳ್ಳಬೇಕೆನ್ನಿಸಿತು.

ಕಳೆದ ವರ್ಷ ಹಾಸನಾಂಬೆಯ ಬಾಗಿಲು ತೆರೆಯಲು ವಾರವಿತ್ತು. ದೀಪಾವಳಿಯ ಹೊಲಿಗೆ ರಾಶಿ ಬಿದ್ದಿತ್ತು. ಆಗಲೇ ಲಕ್ವ ಹೊಡೆದು ಎಡಗೈ ಹೋಯಿತು. ‘ಸದ್ಯ, ಬಲಗೈ ಉಳಿಯಿತಲ್ಲ’ ಎಂದವರಿಗೆ ಹೊಲಿಗೆ ಗೊತ್ತಿಲ್ಲ. ಸೂಜಿಯ ಕೆಳಗೆ ಬಟ್ಟೆಯನ್ನು ನಡೆಸುವುದೇ ಎಡಗೈ.

ಒದ್ದೆ ಬಟ್ಟೆಯಂತೆ ಜೋತುಬಿದ್ದಿದ್ದ ಕೈ ಎರಡನೆಯ ತಿಂಗಳಿಗೆ ಬಿಗಿಯತೊಡಗಿತು. ಮೊಣಕೈ ಮಡಚಿ ಎದೆಗೆ ಬಂತು, ಹೆಬ್ಬೆರಳು ಮುಷ್ಟಿಯೊಳಗೆ ಹೊಕ್ಕಿತು. ಉಗುರು ಕತ್ತರಿಸಲೂ ಆಗದು. ಧನುರ್ಮಾಸದ ಚಳಿಗೆ ಇನ್ನೂ ಸೆಟೆಯುತ್ತಿತ್ತು. ಆಕಳಿಸಿದರೆ ಮಾತ್ರ ತಾನಾಗಿ ಮೇಲೇಳುತ್ತಿತ್ತು. ಶಕ್ತಿ ಬಂತೆಂದು ಮನೆಯವರೆಲ್ಲ ಹಿಗ್ಗಿದರು, ನಾನೂ ನಂಬಿದೆ.

ಫಿಸಿಯೋಥೆರಪಿಯ ಹುಡುಗಿ ಬಿಡಿಸಿ ಹೇಳಿದಳು: ಅದು ಶಕ್ತಿ ಬಂದದ್ದಲ್ಲ; ಸ್ನಾಯು ಕೆಟ್ಟಿಲ್ಲ, ಅದನ್ನು ಹದದಲ್ಲಿಡುವ ಮಿದುಳಿನ ಅಪ್ಪಣೆ ಸರಿಯಾಗಿ ತಲುಪುತ್ತಿಲ್ಲ. ಡಾಕ್ಟರು ಮುಂಗೈಗೆ ಬೊಟುಲಿನಮ್ ಇಂಜೆಕ್ಷನ್ ಕೊಟ್ಟ ಹತ್ತು ದಿನಕ್ಕೆ ಬೆರಳುಗಳು ಸಡಿಲವಾದವು. ‘ಇದು ಮೂರು ತಿಂಗಳ ಮಾತು ಅಮ್ಮ. ಸಡಿಲ ಮಾಡುತ್ತದೆ, ಕೆಲಸ ಕಲಿಸುವುದಿಲ್ಲ. ಅದನ್ನು ನೀವೇ ಕಲಿಸಬೇಕು’ ಎಂದಳು. ರಾತ್ರಿ ಬೆರಳು ಮಡಚದಂತೆ ಹಿಡಿದಿಡುವ ಸ್ಪ್ಲಿಂಟ್ ಪಟ್ಟಿ, ಹಗಲೆಲ್ಲ ಬಟ್ಟೆ ಒಣಹಾಕುವ ಕ್ಲಿಪ್ಪು ಒತ್ತುವುದು. ಅವಳಿಗೆ ನನ್ನ ಮೊದಲ ನಮಸ್ಕಾರ. ಪಾರಿವಾಳದ ರಕ್ತ ತಿಕ್ಕಿ ಎಂದವರ ಪ್ರೀತಿಯೂ ದೊಡ್ಡದೇ, ಪಾರಿವಾಳ ಬದುಕಿಕೊಂಡಿತು.

ನನ್ನ ಯಜಮಾನರು ಮೊದಮೊದಲು ಎಲ್ಲವನ್ನೂ ತಾವೇ ಮಾಡಿಕೊಡುತ್ತಿದ್ದರು. ಆ ಹುಡುಗಿ ಗದರಿದ ಮೇಲೆ, ನಾನು ಸ್ವೆಟರಿನ ಗುಂಡಿಯೊಂದಿಗೆ ಹತ್ತು ನಿಮಿಷ ಗುದ್ದಾಡುವಾಗ ಕೈ ಹಿಂದೆ ಕಟ್ಟಿಕೊಂಡು ಕಿಟಕಿಯ ಕಡೆ ತಿರುಗಿ ನಿಲ್ಲುತ್ತಿದ್ದರು. ಹಾಗೆ ನಿಲ್ಲುವುದು ಅವರಿಗೆಷ್ಟು ಕಷ್ಟವೆಂದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಪಕ್ಕದ ಅಂಗಡಿಯ ಟೈಲರಣ್ಣ ನನ್ನ ದೀಪಾವಳಿ ರಾಶಿಯನ್ನೆಲ್ಲ ಹೊಲಿದುಕೊಟ್ಟು ಕೂಲಿಯನ್ನು ನನ್ನ ಮನೆಗೇ ತಂದುಕೊಟ್ಟ. ಬೇಡವೆಂದರೆ, ‘ಅಳತೆ ನಿಮ್ಮದು ತಾನೇ ಅಕ್ಕ’ ಎಂದ. ಋಣವೆಂದರೆ ಅದು.

ಒಬ್ಬಾಕೆ ಮಾತ್ರ ತನ್ನ ಹಸಿರು ರೇಷ್ಮೆ ಬಟ್ಟೆಯನ್ನು ವಾಪಸು ಕೇಳಲಿಲ್ಲ, ಬೇರೆಯವರಿಗೂ ಕೊಡಬೇಡಿ ಎಂದಿದ್ದರು. ಈ ಸಲ ಟೈಲರಣ್ಣ ಕತ್ತರಿಸಿ ಹೊಲಿದ, ಹುಕ್ಕು ನಾನು ಹಾಕಿದೆ. ನಾಲ್ಕನೆಯದು ಓರೆಯಾಗಿದೆ. ಬಿಚ್ಚಿ ಹಾಕಿಕೊಡುತ್ತೇನೆ ಎಂದು ಕೈಚಾಚಿದರೆ ಆಕೆ ರವಿಕೆಯನ್ನು ಕೊಡಲೇ ಇಲ್ಲ.